ಹಳೆಯ ಟಿವಿಗೆ ಡಿಜಿಟಲ್ ಪ್ರಸಾರ: ಮಾಳಿಗೆಯಿಂದ ರಿಮೋಟಿನವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಮಾಳಿಗೆಯ ಮೇಲೆ ಹಳೆಯ ಕಡ್ಡಿ ಆ್ಯಂಟೆನಾಗಳು ಇಂದಿಗೂ ಕಾಣಸಿಗುತ್ತವೆ, ಆದರೆ ಅವು ಹಿಡಿಯಬೇಕಾದ ಪ್ರಸಾರ ಈಗಿಲ್ಲ. ಗ್ರಾಮೀಣ ಪ್ರದೇಶದ ಕೇಬಲ್ ಡಿಜಿಟಲ್ ಆಗಲು ಕೊಟ್ಟಿದ್ದ ಗಡುವು 2017ರ ಮಾರ್ಚ್ 31ಕ್ಕೆ ಮುಗಿಯಿತು. ದೂರದರ್ಶನವೂ ತನ್ನ ಬಹುಪಾಲು ಅನಲಾಗ್ ಟ್ರಾನ್ಸ್‌ಮಿಟರುಗಳನ್ನು 2021-22ರ ಹೊತ್ತಿಗೆ ಹಂತ ಹಂತವಾಗಿ ನಿಲ್ಲಿಸಿತು. ಇಷ್ಟಕ್ಕೇ ಹಳೆಯ ಟಿವಿಯನ್ನು ಗುಜರಿಗೆ ಹಾಕಬೇಕಾಗಿಲ್ಲ. ಚಿತ್ರ, ಧ್ವನಿ ಸರಿಯಾಗಿರುವ ಟಿವಿಗೆ ಒಂದು ಸೆಟ್‌ಟಾಪ್ ಬಾಕ್ಸ್ ಸೇರಿಸಿದರೆ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ.

ಬಾಕ್ಸ್ ಕೊಳ್ಳುವ ಮೊದಲು ಟಿವಿಯ ಹಿಂಭಾಗವನ್ನು ನೋಡಿರಿ. ಹಳದಿ, ಬಿಳಿ, ಕೆಂಪು ಬಣ್ಣದ ಮೂರು ರಂಧ್ರಗಳಿದ್ದರೆ ಯಾವ ತೊಂದರೆಯೂ ಇಲ್ಲ: ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಆ್ಯಂಟೆನಾ ತಂತಿಯ ರಂಧ್ರವೊಂದೇ ಇದ್ದರೆ ಆರ್‌ಎಫ್ ಔಟ್ (ಆ್ಯಂಟೆನಾ ರಂಧ್ರಕ್ಕೇ ಜೋಡಿಸುವ ಕಿಂಡಿ) ಇರುವ ಬಾಕ್ಸನ್ನೇ ಕೇಳಿ ಪಡೆಯಿರಿ, ಇಲ್ಲವೇ ಬಾಕ್ಸಿನ ಚಿತ್ರ, ಧ್ವನಿಯನ್ನು ಆ ರಂಧ್ರಕ್ಕೆ ಹೊಂದುವಂತೆ ಬದಲಿಸುವ ಮಾಡ್ಯುಲೇಟರ್ ಬೇಕಾಗುತ್ತದೆ.

ಟಿವಿ ಚಾನೆಲ್‌ಗಳಿಗೆ ತಿಂಗಳ ಹಣ ಕಟ್ಟಲಾಗದ ಮನೆಗಳಿಗೆ ನಾನು ಡಿಡಿ ಫ್ರೀ ಡಿಶ್ ಅನ್ನೇ ಸೂಚಿಸುತ್ತೇನೆ. ಉಪಗ್ರಹದ ಮೂಲಕ ಚಾನೆಲ್‌ಗಳನ್ನು ಉಚಿತವಾಗಿ ಕೊಡುವ ಪ್ರಸಾರ ಭಾರತಿಯ ಈ ಸೇವೆ 2004ರಲ್ಲಿ ಆರಂಭವಾಯಿತು. ತಟ್ಟೆ (ಡಿಶ್ ಆ್ಯಂಟೆನಾ) ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ರೀಚಾರ್ಜ್ ಇಲ್ಲ, ಚಂದನ ವಾಹಿನಿಯೂ ಸಿಗುತ್ತದೆ.

ನಿಜವಾದ ಕೆಲಸವಿರುವುದು ಮಾಳಿಗೆಯ ಮೇಲೆ. ಫ್ರೀ ಡಿಶ್‌ನ ಪ್ರಸಾರ ಬರುವ ಜಿಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದು, ನಮ್ಮ ಮೂರೂ ಜಿಲ್ಲೆಗಳಿಂದ ನೋಡಿದರೆ ಅದು ಹೆಚ್ಚುಕಡಿಮೆ ಸರಿಯಾಗಿ ಆಗ್ನೇಯ ದಿಕ್ಕಿಗೆ, ನೆಲದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿರುತ್ತದೆ. ಒಲೆ ಹೂಡುವ ಮೂಲೆಯ ದಿಕ್ಕೆಂದರೆ ಮನೆಯ ಹಿರಿಯರಿಗೆ ತಕ್ಷಣ ತಿಳಿಯುತ್ತದೆ. ಆ ಕಡೆ ಬೇವಿನ ಮರವೋ ಪಕ್ಕದ ಮನೆಯ ಮಹಡಿಯೋ ಅಡ್ಡ ಬಂದರೆ ಜಾಗ ಬದಲಿಸಲೇಬೇಕು. ತಟ್ಟೆಯ ರಚನೆಯಿಂದಾಗಿ ಅದು ಆಕಾಶಕ್ಕೆ ಅಷ್ಟೊಂದು ಮುಖ ಮಾಡಿದಂತೆ ಕಾಣುವುದಿಲ್ಲ. ಇದರಿಂದ ಗೊಂದಲಪಟ್ಟು ಅದನ್ನು ಅತಿಯಾಗಿ ಹಿಂದಕ್ಕೆ ಬಾಗಿಸಬಾರದು.

ಶಹಾಬಾದ್ ಕಲ್ಲು ಹಾಸಿದ ಮಾಳಿಗೆಗೆ ದಯವಿಟ್ಟು ಡ್ರಿಲ್ ಹಾಕಿಸಬೇಡಿ. ಕಲ್ಲು ಸೀಳುತ್ತದೆ, ಮಣ್ಣಿನ ಮಾಳಿಗೆಯಾದರೆ ಮೊದಲ ಮಳೆಗೇ ಸೋರುತ್ತದೆ. ತಟ್ಟೆಯ ಕಾಲನ್ನು ದಪ್ಪ ಸಿಮೆಂಟ್ ದಿಮ್ಮಿಯಲ್ಲಿ ಹುಗಿದು, ಮುಂಗಾರಿನ ಮುಂಚಿನ ಬಿರುಗಾಳಿಗೆ ಅಲುಗದಷ್ಟು ಭಾರ ಕೊಡುವುದು ಸರಿಯಾದ ದಾರಿ.

ತಟ್ಟೆ ತಿರುಗಿಸುವಾಗ ಒಬ್ಬರು ಕೆಳಗೆ ಪರದೆಯ ಮುಂದೆ ಕೂತಿರಲಿ. ಬಾಕ್ಸಿನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ (ಬಲ), ಕ್ವಾಲಿಟಿ (ಗುಣಮಟ್ಟ) ಎಂಬ ಎರಡು ಪಟ್ಟಿಗಳಿರುತ್ತವೆ. ತಟ್ಟೆ ಎತ್ತ ಮುಖ ಮಾಡಿದ್ದರೂ ಸ್ಟ್ರೆಂತ್ ಸ್ವಲ್ಪ ತೋರಿಸುತ್ತಲೇ ಇರುತ್ತದೆ, ಆದ್ದರಿಂದ ಅದನ್ನು ನಂಬದೆ ಕ್ವಾಲಿಟಿ ಪಟ್ಟಿಯನ್ನೇ ನೋಡಬೇಕು. ಹಳೆಯ ಆ್ಯಂಟೆನಾದಲ್ಲಿ ಚಿತ್ರ ಚುಕ್ಕಿಗಳ ನಡುವೆ ನಿಧಾನಕ್ಕೆ ಮೂಡುತ್ತಿತ್ತು. ಡಿಜಿಟಲ್‌ನಲ್ಲಿ ಚಿತ್ರ ಪೂರ್ತಿ ಬರುತ್ತದೆ, ಇಲ್ಲವೇ ಚೌಕಚೌಕವಾಗಿ ಒಡೆದು ನಿಂತುಬಿಡುತ್ತದೆ. ಹಾಗಾಗಿ ಬೆರಳಿನಷ್ಟು ಸರಿಸಿ, ಮೂರು ಎಣಿಸಿ, ಮತ್ತೆ ಸರಿಸುವ ತಾಳ್ಮೆ ಬೇಕು. ಕ್ವಾಲಿಟಿ ಅತಿ ಹೆಚ್ಚು ಬಂದಲ್ಲಿ ಬೋಲ್ಟ್ ಬಿಗಿಯಿರಿ, ಬಿಗಿದ ಮೇಲೆ ಮತ್ತೊಮ್ಮೆ ನೋಡಿರಿ.

ಸಿಡಿಲಿನ ಮಳೆ ಬಂದರೆ ಪ್ಲಗ್ ಮಾತ್ರವಲ್ಲ, ತಟ್ಟೆಯಿಂದ ಬರುವ ತಂತಿಯನ್ನೂ ಬಾಕ್ಸಿನಿಂದ ತೆಗೆದಿಡಬೇಕು. ಆದರೆ ಗುಡುಗು ಹತ್ತಿರ ಬರುವ ಮುಂಚೆಯೇ.

ಕೊನೆಯದಾಗಿ ರಿಮೋಟಿನ ವಿಷಯ. ನಮ್ಮ ತಾಯಿಯವರು ಎರಡು ರಿಮೋಟುಗಳನ್ನು ಅದಲುಬದಲು ಮಾಡಿ, ಪರದೆ ನೀಲಿಯಾದಾಗ ಟಿವಿ ಕೆಟ್ಟಿತೆಂದು ಎರಡು ದಿನ ಸುಮ್ಮನಿದ್ದರು. ವಾಸ್ತವವಾಗಿ ಎವಿ ಮೋಡ್, ಅಂದರೆ ಬಾಕ್ಸಿನ ಚಿತ್ರವನ್ನು ಟಿವಿ ತೋರಿಸುವ ಆಯ್ಕೆ, ಮಾತ್ರ ತಪ್ಪಿತ್ತು. ಅಂದಿನಿಂದ ಬಾಕ್ಸಿನ ರಿಮೋಟಿಗೆ ಕೆಂಪು ದಾರ ಸುತ್ತಿದ್ದೇನೆ, ಟಿವಿಯ ರಿಮೋಟಿನಲ್ಲಿ ಎವಿ ಗುಂಡಿಯ ಮೇಲೆ ಒಂದು ಕುಂಕುಮದ ಚುಕ್ಕೆ ಇಟ್ಟಿದ್ದೇನೆ. ವಯಸ್ಸಾದವರಿರುವ ಮನೆಯಲ್ಲಿ ಬಾಕ್ಸ್ ಜೋಡಿಸಿ ಹೊರಟುಬಿಡದೆ, ಅವರ ಕೈಯಿಂದಲೇ ನಾಲ್ಕೈದು ಬಾರಿ ಹಚ್ಚಿಸಿ, ಆರಿಸಿ, ಚಂದನಕ್ಕೆ ಹೋಗಿ ಬರುವುದನ್ನು ಮಾಡಿಸಿರಿ. ಏಪ್ರಿಲ್ ಸುಮಾರಿಗೆ ಫ್ರೀ ಡಿಶ್‌ನ ಕೆಲವು ಚಾನೆಲ್‌ಗಳು ಬದಲಾಗುವುದರಿಂದ, ಆಟೋ ಸ್ಕ್ಯಾನ್ (ಬಾಕ್ಸಿನಿಂದಲೇ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸುವುದು) ಮಾಡುವುದನ್ನು ಮನೆಯ ಶಾಲೆ ಓದುವ ಮಗುವೊಂದಕ್ಕೆ ಕಲಿಸಿಟ್ಟಿರಿ.