ತಪ್ಪಿಸಿಕೊಳ್ಳುವ ನಾಯಿಯ ಜೊತೆ ಕಡಲ ತೀರಕ್ಕೆ: ನನ್ನ ಅನುಭವ

ನಮ್ಮ ಚುಕ್ಕಿಗೆ ಗೇಟ್ ಒಂದು ಗೇಣು ತೆರೆದಿದ್ದರೆ ಸಾಕು, ಆಚೆ ಹೋಗಿಬಿಡುತ್ತಾಳೆ. ಹಾಗಂತ ಅವಳನ್ನು ಬೇರೆಯವರ ಹತ್ತಿರ ಬಿಟ್ಟು ರಜೆಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಮರಳು ಕಂಡರೆ ಅವಳಿಗೆ ಅಷ್ಟು ಖುಷಿ. ಅದಕ್ಕೇ ಪ್ರತಿ ಸಲ ಕರೆದುಕೊಂಡೇ ಹೋಗುತ್ತೇವೆ. ಆದರೆ ನಮ್ಮ ತಯಾರಿ ಶುರುವಾಗುವುದು ಬೀಚ್‌ನಿಂದ ಅಲ್ಲ, ಬಾಗಿಲಿನಿಂದ.

ಅದಕ್ಕೂ ಮೊದಲು ಒಂದು ಮಾತು. ನಿಮ್ಮ ನಾಯಿ ಯಾಕೆ ಓಡುತ್ತದೆ ಅಂತ ಸರಿಯಾಗಿ ಗಮನಿಸಿ. ಕೆಲವು ನಾಯಿಗಳು ಪಟಾಕಿಗೋ ಗುಡುಗಿಗೋ ಹೆದರಿ ಓಡುತ್ತವೆ. ಕೆಲವು ಹಕ್ಕಿ, ಬೆಕ್ಕು, ಏಡಿಯ ಹಿಂದೆ ಓಡುತ್ತವೆ. ಇನ್ನು ಕೆಲವಕ್ಕೆ ಒಂಟಿತನ ಆಗುವುದಿಲ್ಲ, ನಮ್ಮನ್ನು ಹುಡುಕಿಕೊಂಡು ಹೊರಡುತ್ತವೆ. ಹೆದರುವ ನಾಯಿಯಾದರೆ ಜನಜಂಗುಳಿಯ ಸೀಸನ್, ಹಬ್ಬದ ದಿನಗಳು ಬೇಡ. ಒಂಟಿ ಬಿಡಲಾಗದ ನಾಯಿಯಾದರೆ ಊಟಕ್ಕೂ ಜೊತೆಗೇ ಕರೆದೊಯ್ಯುವಂಥ ಜಾಗ ಬೇಕು. ಚುಕ್ಕಿಗೆ ಹಕ್ಕಿಗಳ ಹುಚ್ಚು. ಅದಕ್ಕೆ ಕಡಲಹಕ್ಕಿಗಳು ಗುಂಪುಗುಂಪಾಗಿ ಕೂರುವ ಅಳಿವೆಗಳ ಕಡೆ ನಾವು ಹೋಗುವುದೇ ಇಲ್ಲ. ಕಡಿದಾದ ಬಂಡೆಗಳ ಮೇಲಿನ ದಾರಿಯೂ ಬೇಡ. ಓಡುವ ಭರದಲ್ಲಿ ನಾಯಿಗೆ ಅಂಚು ಕಾಣುವುದಿಲ್ಲ.

ಮನೆ ಬುಕ್ ಮಾಡುವಾಗ "ಸುತ್ತ ಬೇಲಿ ಇದೆ" ಅನ್ನುವ ಒಂದು ಸಾಲನ್ನು ನಂಬಿ ಹಣ ಕಟ್ಟಬೇಡಿ. ಬೇಲಿ ಎಷ್ಟು ಎತ್ತರ? ಗೇಟಿನ ಕೆಳಗೆ ಎಷ್ಟು ಸಂದು? ಗೋಡೆಗೆ ಒತ್ತಿಕೊಂಡು ಕಲ್ಲುಬೆಂಚು, ಸೌದೆ ರಾಶಿ, ಕಸದ ಡಬ್ಬಿ ಏನಾದರೂ ಇದೆಯಾ? ಹಾರುವ ನಾಯಿಗೆ ಅದೇ ಮೆಟ್ಟಿಲು. ಆ ಗೇಟನ್ನು ಇನ್ಯಾರು ಬಳಸುತ್ತಾರೆ ಅಂತಲೂ ಕೇಳುತ್ತೇನೆ. ಕ್ಲೀನ್ ಮಾಡಲು ಬರುವವರು ಗೇಟ್ ಹಾಕದೆ ಹೋದರೆ ಆರಡಿ ಬೇಲಿ ಇದ್ದೂ ಪ್ರಯೋಜನ ಇಲ್ಲ, ಅಲ್ವಾ? ನಾಲ್ಕೂ ಕಡೆಯಿಂದ ಫೋಟೋ ಕಳಿಸಿ ಅಂತ ಕೇಳಿದರೆ ಒಳ್ಳೆಯ ಮಾಲೀಕರು ಬೇಸರ ಮಾಡಿಕೊಳ್ಳುವುದಿಲ್ಲ. ಕಳಿಸಲು ಹಿಂದೆಮುಂದೆ ನೋಡುವವರ ಮನೆಯನ್ನು ನಾನು ಬಿಟ್ಟುಬಿಡುತ್ತೇನೆ.

ಮನೆ ತಲುಪಿದ ಮೊದಲ ಗಂಟೆ ಎಲ್ಲಕ್ಕಿಂತ ಅಪಾಯದ್ದು. ನಾಯಿಗೆ ಆ ಜಾಗದ ಪರಿಚಯವೇ ಇಲ್ಲ, ತಪ್ಪಿಸಿಕೊಂಡರೆ ವಾಪಸ್ ಬರಲು ಅದಕ್ಕೆ ದಾರಿ ಗೊತ್ತಿರುವುದಿಲ್ಲ. ಒಬ್ಬರು ಚುಕ್ಕಿಯ ಜೊತೆ ಕಾರಿನಲ್ಲೇ ಕೂರುತ್ತಾರೆ. ಇನ್ನೊಬ್ಬರು ಬೇಲಿಯನ್ನು ಪೂರ್ತಿ ಸುತ್ತಿ ಬರುತ್ತಾರೆ, ಸಂದುಗಳಿಗೆ ಹಲಗೆಯೋ ತಂತಿಬಲೆಯೋ ಅಡ್ಡ ಇಡುತ್ತಾರೆ. ಕಾರಿನ ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಯಲ್ಲಿರಬೇಕು. ಮಕ್ಕಳಿಗೆ ಮೆಟ್ಟಿಲ ಹತ್ತಿರ ಹಾಕುವ ಚಿಕ್ಕ ಗೇಟನ್ನು ನಾವು ಜೊತೆಗೇ ಒಯ್ಯುತ್ತೇವೆ. ಮುಂಬಾಗಿಲಿನ ಒಳಗೆ ಅದನ್ನು ಹಾಕಿದರೆ, ಒಂದು ಬಾಗಿಲು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಅಂಗಳ ಎಷ್ಟೇ ಭದ್ರವಾಗಿರಲಿ, ರಾತ್ರಿ ಹೊರಗೆ ಬಿಡುವಾಗಲೂ ಹಗ್ಗ ಇರಲೇಬೇಕು.

ಇನ್ನು ಹಾರ್ನೆಸ್, ಅಂದರೆ ನಾಯಿಯ ಎದೆ ಬೆನ್ನು ಸುತ್ತಿ ಹಾಕುವ ಪಟ್ಟಿ. ಬರೀ ಕಾಲರ್ ನಂಬುವ ಹಾಗಿಲ್ಲ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಹೊರಗೆ ತೆಗೆದುಬಿಡುತ್ತದೆ. ಸಾಮಾನ್ಯ ಹಾರ್ನೆಸ್‌ನಿಂದಲೂ ಹೀಗೇ ಜಾರಿಕೊಳ್ಳುತ್ತವೆ, ಅದರಲ್ಲೂ ಎದೆ ಅಗಲ ಸೊಂಟ ಸಣ್ಣ ಇರುವ ನಾಯಿಗಳು. ಪಕ್ಕೆಲುಬಿನ ಹಿಂದೆ, ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಸಿಗುತ್ತದೆ. ಆ ಪಟ್ಟಿ ಎದೆಯನ್ನು ದಾಟಿ ಮುಂದೆ ಬರುವುದಿಲ್ಲ. ಅದರ ಜೊತೆ ಕಾಲರ್‌ಗೂ ಒಂದು ಚಿಕ್ಕ ಕೊಂಡಿ ಹಾಕುತ್ತೇನೆ, ಒಂದು ಬಿಚ್ಚಿದರೂ ಇನ್ನೊಂದು ಇರಲಿ ಅಂತ. ಹೊರಡುವ ಕೆಲವು ವಾರ ಮೊದಲೇ ಮನೆಯಲ್ಲಿ ಅಭ್ಯಾಸ ಮಾಡಿಸಿ.

ಬೀಚ್‌ನಲ್ಲಿ 10 ಮೀಟರಿನ ಉದ್ದ ಹಗ್ಗ ಬಳಸುತ್ತೇವೆ. ಅದನ್ನು ಹಾರ್ನೆಸ್‌ನ ಬೆನ್ನಿನ ಕೊಂಡಿಗೇ ಹಾಕಬೇಕು. ಕಾಲರ್‌ಗೆ ಹಾಕಿದರೆ ಓಡಿ ನಿಂತ ಜೋರಿಗೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಬಟ್ಟೆಯ ಹಗ್ಗ ನೀರು ಕುಡಿದು ಭಾರವಾಗುತ್ತದೆ, ಮರಳು ಮೆತ್ತಿಕೊಂಡು ಕೈ ತರಚುತ್ತದೆ. ಬಯೋಥೇನ್ ಹಗ್ಗ (ಪ್ಲಾಸ್ಟಿಕ್ ಲೇಪನ ಇರುವ ಪಟ್ಟಿ) ನೀರು ಹೀರುವುದಿಲ್ಲ, ತೊಳೆದರೆ ಉಪ್ಪು ಹೋಗುತ್ತದೆ. ಆದರೂ ಕೈಗವಸು ಹಾಕಿಕೊಳ್ಳಿ.

ಉಬ್ಬರ ಇಳಿತದ ಸಮಯ ನೋಡದೆ ನಾನು ಬೀಚಿಗೆ ಇಳಿಯುವುದಿಲ್ಲ. ಹೆಚ್ಚಿನ ತೀರಗಳಲ್ಲಿ ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಎರಡು ಕಡೆ ಬಂಡೆ ಇರುವ ಚಿಕ್ಕ ಬೀಚ್ ಉಬ್ಬರದಲ್ಲಿ ನಾಯಿಗೆ ಒಳ್ಳೆಯ ಅಂಗಳ. ಅದೇ ಬೀಚ್ ಇಳಿತದಲ್ಲಿ ಬಂಡೆ ಸುತ್ತಿ ಪಕ್ಕದ ತೀರಕ್ಕೆ ತೆರೆದುಕೊಳ್ಳುತ್ತದೆ. ನಾಯಿ ಆ ಕಡೆ ಹೋಗಿ, ನೀರು ಏರಿದರೆ ಸಿಕ್ಕಿಹಾಕಿಕೊಳ್ಳುತ್ತದೆ. ಎಷ್ಟೋ ಬೀಚ್‌ಗಳಲ್ಲಿ ಬೇಸಿಗೆಯಲ್ಲೋ ಹಗಲಿನಲ್ಲೋ ನಾಯಿಗೆ ಪ್ರವೇಶ ಇರುವುದಿಲ್ಲ, ಅದನ್ನೂ ಮೊದಲೇ ವಿಚಾರಿಸಿ. ನಾವು ಬೆಳಗ್ಗೆ ಬೇಗ ಹೋಗುತ್ತೇವೆ. ಮರಳು ತಣ್ಣಗಿರುತ್ತದೆ, ಜನ ಇರುವುದಿಲ್ಲ. ಕುಡಿಯುವ ನೀರು ಧಾರಾಳ ಇರಲಿ. ಬಾಯಾರಿಕೆಗೆ ಸಮುದ್ರದ ನೀರು ಕುಡಿದರೆ ವಾಂತಿ ಭೇದಿ ಶುರುವಾಗುತ್ತದೆ, ಜಾಸ್ತಿ ಕುಡಿದರೆ ಜೀವಕ್ಕೇ ಅಪಾಯ.

ಗಾಳಿಯಲ್ಲಿ ನಮ್ಮ ಕೂಗು ನಾಯಿಗೆ ಕೇಳುವುದಿಲ್ಲ. ಚುಕ್ಕಿಗೆ ಸೀಟಿಗೆ ಬರುವುದನ್ನು ಕಲಿಸಿದ್ದೇನೆ. ಸೀಟಿ ಊದಿದಾಗಲೆಲ್ಲ ಅವಳಿಗೆ ತುಂಬಾ ಇಷ್ಟದ ತಿಂಡಿ ಸಿಗುತ್ತದೆ, ಬೇರೆ ಹೊತ್ತಿನಲ್ಲಿ ಅದು ಸಿಗುವುದೇ ಇಲ್ಲ.

ಚರ್ಮದ ಕೆಳಗೆ ಹಾಕಿಸುವ ಮೈಕ್ರೋಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗಲ್ಲ. ಚಿಪ್‌ನಲ್ಲಿ ಬ್ಯಾಟರಿಯೇ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ನಂಬರ್ ತೋರಿಸುತ್ತದೆ, ಅಷ್ಟೇ. ಆ ನಂಬರಿಗೆ ನಿಮ್ಮ ಈಗಿನ ಫೋನ್ ಸೇರಿಸಿದ್ದರೆ ಮಾತ್ರ ಉಪಯೋಗ. ಎಲ್ಲಿದೆ ಅಂತ ತಿಳಿಯಲು ಜಿಪಿಎಸ್ ಟ್ರ್ಯಾಕರ್ ಬೇಕು. ಹೆಚ್ಚಿನ ಟ್ರ್ಯಾಕರ್‌ಗಳು ಮೊಬೈಲ್ ನೆಟ್‌ವರ್ಕ್ ಮೇಲೆ ನಡೆಯುತ್ತವೆ. ಹಾಗಾಗಿ ಆ ತೀರದಲ್ಲಿ ಸಿಗ್ನಲ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಇಷ್ಟೆಲ್ಲಾ ಮಾಡಿಯೂ ನಾಯಿ ಓಡಿದರೆ, ದಯವಿಟ್ಟು ಬೆನ್ನಟ್ಟಬೇಡಿ. ಬೆನ್ನಟ್ಟಿದಷ್ಟೂ ದೂರ ಹೋಗುತ್ತದೆ. ಕೆಳಗೆ ಕೂತು, ಪಕ್ಕಕ್ಕೆ ತಿರುಗಿ, ಮೆತ್ತಗೆ ಕರೆಯಿರಿ. ಕಣ್ಮರೆಯಾದರೆ ಒಬ್ಬರು ಅದೇ ಜಾಗದಲ್ಲಿ ಉಳಿಯಲಿ. ನೀವು ಉಟ್ಟ ಬಟ್ಟೆಯೋ ಅದರ ಹಾಸಿಗೆಯೋ ಅಲ್ಲೇ ಇಡಿ. ಎಷ್ಟೋ ನಾಯಿಗಳು ಬಿಟ್ಟ ಜಾಗಕ್ಕೇ ವಾಸನೆ ಹಿಡಿದು ಮರಳುತ್ತವೆ.

ವಾಪಸ್ ಹೊರಡುವ ದಿನವೂ ಅಷ್ಟೇ ಹುಷಾರಾಗಿರಬೇಕು. ಸಾಮಾನು ಸಾಗಿಸುವಾಗ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಕಾರು ಬೇಗ ಕಾಯುತ್ತದೆ, ಅದರಲ್ಲಿ ಅವಳನ್ನು ಕೂರಿಸಿಡುವ ಹಾಗಿಲ್ಲ. ಅದಕ್ಕೆ ಒಬ್ಬರು ಚುಕ್ಕಿಯನ್ನು ವಾಕಿಂಗ್ ಕರೆದುಕೊಂಡು ಹೋಗಿರುತ್ತಾರೆ. ಕೊನೆಯ ಚೀಲ ಒಳಗಿಟ್ಟು, ಡಿಕ್ಕಿ ಮುಚ್ಚಿದ ಮೇಲೆ ಅವರಿಗೆ ಫೋನ್ ಮಾಡುತ್ತೇವೆ.