ದಂತವೈದ್ಯರ ದಣಿವು: ನಾನು ಕ್ಲಿನಿಕ್ಕಿನಲ್ಲಿ ಬದಲಾಯಿಸಿಕೊಂಡದ್ದು

ಸುಸ್ತಾಗಿದೆ ಎಂದ ದಂತವೈದ್ಯರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಇಷ್ಟೇ: ಯೋಗ ಮಾಡಿ, ಒಂದು ವಾರ ಎಲ್ಲಾದರೂ ಹೋಗಿ ಬನ್ನಿ. ಎರಡೂ ಒಳ್ಳೆಯವೇ. ಆದರೆ ವಾಪಸ್ ಬಂದ ಸೋಮವಾರ ಅದೇ ತುಂಬಿದ ಅಪಾಯಿಂಟ್‌ಮೆಂಟ್ ಪುಸ್ತಕ, ಹಲ್ಲು ಕೊರೆಯುವ ಅದೇ ಎರಡು ಏರೋಟರ್, ಅದೇ ಬಗ್ಗಿದ ಕತ್ತು ಕಾದಿದ್ದರೆ ಬುಧವಾರದೊಳಗೆ ದಣಿವು ಮತ್ತೆ ಹಾಜರು. ಅದಕ್ಕೇ ನಾನು ಮೊದಲು ಕೈಹಾಕಿದ್ದು ದಿನದ ಏರ್ಪಾಟಿಗೆ.

ಕೆಳಗಿನ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ ಎಷ್ಟು ಹೊತ್ತು ಬೇಕು ಎಂದು ಯಾರನ್ನಾದರೂ ಕೇಳಿ, ಮುಕ್ಕಾಲು ಗಂಟೆ ಅನ್ನುತ್ತಾರೆ. ಅದು ಅವರ ಕೈಗೆ ಸಿಕ್ಕ ಅತಿ ಸಲೀಸಾದ ಕೇಸಿನ ಹೊತ್ತು. ನೆನಪಿನಲ್ಲಿ ಉಳಿಯುವುದು ಅದೇ. ಆದ್ದರಿಂದ ಎರಡು ವಾರ ಪ್ರತಿ ಕೆಲಸಕ್ಕೂ ಗಡಿಯಾರ ನೋಡಿ ಬರೆದಿಡಬೇಕು: ಪೇಷೆಂಟ್ ಕುರ್ಚಿಗೆ ಕೂತ ಗಳಿಗೆಯಿಂದ, ಅವರು ಎದ್ದು ಕುರ್ಚಿ ಒರೆಸಿ ಮುಂದಿನವರಿಗೆ ಸಿದ್ಧವಾಗುವ ತನಕ. ಬಂದ ಸರಾಸರಿಗೆ ಕಾಲು ಭಾಗ ಸೇರಿಸಿ. ಆ ದವಡೆ ಹಲ್ಲು ಬಹುತೇಕ 80–90 ನಿಮಿಷಕ್ಕೆ ಬಂದು ನಿಲ್ಲುತ್ತದೆ. ಪುಸ್ತಕವನ್ನು ಹತ್ತು ಹತ್ತು ನಿಮಿಷದ ಗೆರೆಗಳಾಗಿ ಹಾಕಿದರೆ ಈ ಲೆಕ್ಕ ಕೂರುತ್ತದೆ. ಅರ್ಧರ್ಧ ಗಂಟೆಯ ಗೆರೆ ಹಾಕಿದರೆ ಎಲ್ಲವೂ ಅರ್ಧ ಗಂಟೆಯ ಕೆಲಸದಂತೆಯೇ ಕಾಣುತ್ತದೆ.

ಈ ಹೊತ್ತಿನಲ್ಲಿ ಹೆಚ್ಚು ತಿನ್ನುವುದು ಇಂಜೆಕ್ಷನ್. ಅಡ್ರಿನಲಿನ್ 1:80,000 ಸೇರಿದ ಶೇ. 2ರ ಲಿಗ್ನೊಕೇನ್‌ನಲ್ಲಿ ಕೆಳದವಡೆಯ ಬ್ಲಾಕ್ (ನರವನ್ನೇ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟರೆ ಮೂರರಿಂದ ಐದು ನಿಮಿಷಕ್ಕೆ ತುಟಿ ಮರಗಟ್ಟುತ್ತದೆ. ತುಟಿ ಮರಗಟ್ಟಿತು ಅಂದರೆ ಹಲ್ಲಿನ ತಿರುಳೂ ಮರಗಟ್ಟಿತು ಅಂತಲ್ಲ. ಅದಕ್ಕೆ ಹತ್ತರಿಂದ ಹದಿನೈದು ನಿಮಿಷ ಬೇಕು. ಐದನೇ ನಿಮಿಷಕ್ಕೆ ಬರ್ (ಕೊರೆಯುವ ಮೊನೆ) ಹಚ್ಚಿ, ಪೇಷೆಂಟ್ ಹಾರಿಬಿದ್ದು, ಇನ್ನೊಂದು ಇಂಜೆಕ್ಷನ್ ಕೊಟ್ಟು, ಅವರ ಹೆದರಿಕೆ ನಮ್ಮ ಕೈಗೂ ಇಳಿದು, ಅಷ್ಟರಲ್ಲಿ ಹೊರಗೆ ಕೂತವರು ರಿಸೆಪ್ಷನ್ ಹುಡುಗಿಯನ್ನು ಗದರಿಸತೊಡಗುತ್ತಾರೆ. ದಿನ ಕೆಡುವುದು ಇಲ್ಲಿಂದಲೇ. ನಾನು ಹದಿನೈದು ನಿಮಿಷ ಕಾಯುತ್ತೇನೆ. ಆ ಹೊತ್ತಿನಲ್ಲಿ ಕೇಸ್ ಪೇಪರ್ ಬರೆದು, ಎಕ್ಸ್-ರೇ ಇನ್ನೊಮ್ಮೆ ನೋಡಿ, ಬೇರಿನ ಉದ್ದದ ಅಂದಾಜು ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಕೋಲ್ಡ್ ಸ್ಪ್ರೇ ಹತ್ತಿಯುಂಡೆಗೆ ಹೊಡೆದು ಹಲ್ಲಿಗೆ ಮುಟ್ಟಿಸಿ, ‘ಜುಂ ಅಂತಿದೆಯಾ?’ ಎಂದು ಕೇಳಿದ ನಂತರವೇ ಬರ್. ಇನ್ನೂ ಜುಂ ಅಂದರೆ ಕೆನ್ನೆ ಕಡೆಯಿಂದ ಶೇ. 4ರ ಆರ್ಟಿಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಮದ್ದು. ರಾತ್ರಿಯಿಡೀ ನೋವು ತಿಂದು ಬಂದ ಹಲ್ಲಿಗೆ ಬ್ಲಾಕ್ ಕೈಕೊಡುವುದು ತೀರಾ ಮಾಮೂಲು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ, ಬಸಿರು ಇವೆಲ್ಲ ಇಲ್ಲವೆಂದು ಖಚಿತವಾದರೆ ಒಂದು ಗಂಟೆ ಮುಂಚೆ ಐಬುಪ್ರೊಫೆನ್ 600 ಮಿ.ಗ್ರಾಂ. ಕೊಡಿಸಿದರೆ ಬ್ಲಾಕ್ ಹಿಡಿಯುವ ಸಂಭವ ಹೆಚ್ಚು.

ಕಾಯುವ ಆ ಹದಿನೈದು ನಿಮಿಷದಲ್ಲಿ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರಿಗೆ ಫಿಲ್ಲಿಂಗ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾಡಬಹುದು, ದುಡ್ಡೂ ಬರುತ್ತದೆ. ಆದರೆ ಒಬ್ಬರೇ ವೈದ್ಯರು ಎರಡು ಕುರ್ಚಿ ಓಡಿಸುವುದಕ್ಕಿಂತ ಬೇಗ ದಣಿದುಹೋಗುವ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತಲೆ ಎರಡು ಬಾಯಿಗಳ ನಡುವೆ ಹರಿದಿರುತ್ತದೆ, ಗ್ಲೌಸ್ ಬದಲಿಸುವುದಕ್ಕೇ ಅರ್ಧ ದಿನ ಹೋಗುತ್ತದೆ.

ನೋವೆಂದು ಹೇಳದೆ ಕೇಳದೆ ಬರುವವರಿಗಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ಅರ್ಧ ಗಂಟೆ ಖಾಲಿ ಬಿಡಬೇಕು. ಅದು ನೋವು ಇಳಿಸುವುದಕ್ಕೆ ಮಾತ್ರ. ‘ಹೇಗೂ ಕೂತಿದ್ದಾರೆ, ಪೂರ್ತಿ ಮುಗಿಸಿಬಿಡೋಣ’ ಅಂದುಕೊಂಡರೆ ಆ ಅರ್ಧ ಗಂಟೆ ಇಟ್ಟೂ ಇಲ್ಲದಂತೆ. ತಾಲ್ಲೂಕು ಊರುಗಳಲ್ಲಿ ಕೆಲಸ ಮಾಡುವವರು ಸಂತೆಯ ದಿನ ಉದ್ದದ ಕೆಲಸ ಇಟ್ಟುಕೊಳ್ಳಲೇಬಾರದು. ಹಳ್ಳಿಯಿಂದ ಬಂದವರಿಗೆ ಕೊನೆಯ ಬಸ್ಸಿನ ಚಿಂತೆ. ಅವತ್ತು ಕೀಳುವುದು, ಫಿಲ್ಲಿಂಗ್, ಕಟ್ಟಿಸುವ ಹಲ್ಲುಸೆಟ್ಟಿನ ಅಳತೆ ಇಷ್ಟೇ ಸಾಕು. ಮೂಳೆಯೊಳಗೆ ಸಿಕ್ಕಿಬಿದ್ದ ಬುದ್ಧಿಹಲ್ಲನ್ನು ಸಂಜೆ ಐದರ ಮೇಲೆ ಮುಟ್ಟುವುದು ಬೇಡ. ರಾತ್ರಿ ಎಂಟಕ್ಕೆ ಬೇರು ಮುರಿದರೆ ಸರ್ಜನ್ನೂ ಸಿಗುವುದಿಲ್ಲ, ನಮ್ಮ ತೋಳಲ್ಲಿ ಶಕ್ತಿಯೂ ಉಳಿದಿರುವುದಿಲ್ಲ.

ಹೊರಗಿನವರಿಗೆ ಗೊತ್ತಾಗದ ಇನ್ನೊಂದು ಒತ್ತಡ ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್‌ನದು. 134 ಡಿಗ್ರಿಯಲ್ಲಿ ಹಿಡಿದಿಡುವ ಹೊತ್ತು ಬರೀ ಮೂರ್ನಾಲ್ಕು ನಿಮಿಷವಾದರೂ ವ್ಯಾಕ್ಯೂಮ್, ಬಿಸಿಯೇರುವುದು, ಒಣಗುವುದು ಸೇರಿ ಸೈಕಲ್ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ತೊಳೆದು, ಎಣ್ಣೆ ಹಾಕಿ, ಪೌಚಿಗೆ ತುಂಬಿ, ಕೊನೆಗೆ ತಣ್ಣಗಾಗುವುದನ್ನೂ ಸೇರಿಸಿದರೆ ಒಂದೂಕಾಲು ಗಂಟೆ. ಹಿಂದಿನ ಲೋಡ್ ಮುಗಿಯಲೆಂದು ಕಾಯುವುದು ಬೇರೆ. ಒಟ್ಟು ಎರಡು ಗಂಟೆ ಹಿಡಿಯಿರಿ. ಅರ್ಧ ಗಂಟೆಗೊಬ್ಬ ಪೇಷೆಂಟ್ ಇದ್ದರೆ ಏರೋಟರಿನಂಥ ನಾಲ್ಕು ಹ್ಯಾಂಡ್‌ಪೀಸ್ ಆ ಸುತ್ತಿನಲ್ಲಿ, ಒಂದು ಬಾಯಲ್ಲಿ, ಒಂದು ಕೆಟ್ಟರೆ ಅಂತ: ಆರು ಬೇಕು. ಬಹಳಷ್ಟು ಕ್ಲಿನಿಕ್ಕುಗಳಲ್ಲಿ ಇರುವುದು ಎರಡು. ಒರೆಸಿ ಮುಂದಿನವರಿಗೆ ಬಳಸುವುದು ತಪ್ಪು ಎಂದು ಗೊತ್ತಿದ್ದೂ ದಿನಾ ಆ ತಪ್ಪಿನ ಅಂಚಿನಲ್ಲಿ ಓಡಾಡುವುದು ಮನಸ್ಸನ್ನು ತಿನ್ನುತ್ತದೆ. ಹೊಸ ಸೋಫಾ, ಗೋಡೆಗೆ ಬಣ್ಣ, ಎಲ್ಲಕ್ಕಿಂತ ಮೊದಲು ಹ್ಯಾಂಡ್‌ಪೀಸಿಗೆ ದುಡ್ಡು ಹಾಕಿ.

ಮೈ ವಿಷಯ. ಪೇಷೆಂಟಿನ ಬಾಯಿ ನಮ್ಮ ಮೊಣಕೈ ಮಟ್ಟದಲ್ಲಿರಬೇಕು, ಮೊಣಕೈ ಪಕ್ಕೆಗೆ ಅಂಟಿರಬೇಕು, ಸ್ಟೂಲಿನ ಎತ್ತರ ಮಂಡಿಗಿಂತ ಸೊಂಟ ತುಸು ಮೇಲಿರುವಷ್ಟು. ಕತ್ತು 20 ಡಿಗ್ರಿಗಿಂತ ಹೆಚ್ಚು ಬಾಗಬಾರದು. ಕಣ್ಣಿಗೂ ಹಲ್ಲಿಗೂ 35–45 ಸೆಂ.ಮೀ. ದೂರ. ಇದೆಲ್ಲ ಪುಸ್ತಕದಲ್ಲಿದೆ, ಆದರೂ ಎಲ್ಲರೂ ಬಗ್ಗುತ್ತಾರೆ. ಕಾರಣ ಕನ್ನಡಿ: ಮೇಲಿನ ದವಡೆಯನ್ನು ಕನ್ನಡಿಯಲ್ಲಿ ನೋಡಿ ಕೆಲಸ ಮಾಡುವ ರೂಢಿ ಕಾಲೇಜಿನಲ್ಲೇ ತಪ್ಪಿಹೋಗಿರುತ್ತದೆ. ಮೇಲಿನ ಹಲ್ಲಿಗೆ ಕುರ್ಚಿಯನ್ನು ಪೂರ್ತಿ ಮಲಗಿಸಿ, ಗದ್ದ ಮೇಲೆತ್ತಿಸಿ, ತಲೆಯ ಹಿಂದೆ ಹನ್ನೆರಡು ಗಂಟೆಯ ಜಾಗದಲ್ಲಿ ಕೂತು ಕನ್ನಡಿ ಹಿಡಿಯಬೇಕು. ಮೊದಲ ಕೆಲವು ವಾರ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಲೂಪ್ಸ್ (ಕನ್ನಡಕಕ್ಕೆ ಕೂರಿಸಿದ ಭೂತಗನ್ನಡಿ) ಕೊಳ್ಳುವಾಗ 2.5 ಪಟ್ಟು ಸಾಕು. ಆದರೆ ನಿಮ್ಮದೇ ಸ್ಟೂಲಿನಲ್ಲಿ ನೇರ ಕೂತು ಇನ್ನೊಬ್ಬರಿಂದ ದೂರ ಅಳೆಸಿಕೊಳ್ಳಿ. ಎತ್ತರದ ಆಳು 34 ಸೆಂ.ಮೀ.ಯ ಲೂಪ್ಸ್ ಹಾಕಿಕೊಂಡರೆ ಅದೇ ಅವರನ್ನು ದಿನವಿಡೀ ಬಗ್ಗಿಸುತ್ತದೆ. ಹೆಬ್ಬೆರಳ ಬುಡದ ನೋವಿಗೆ ಎಷ್ಟೋ ಸಲ ಕಾರಣ ಹಲ್ಲಿನ ಕಿಟ್ಟ ತೆಗೆಯುವ ಸ್ಕೇಲರಿನ ಸವೆದ ತುದಿ. ತಯಾರಕರ ಲೆಕ್ಕದಲ್ಲೇ ಒಂದು ಮಿ.ಮೀ. ಸವೆದರೆ ಕಾಲು ಭಾಗ, ಎರಡು ಮಿ.ಮೀ. ಸವೆದರೆ ಅರ್ಧದಷ್ಟು ಕೆಲಸ ಕಡಿಮೆ. ಉಳಿದದ್ದನ್ನು ನಮ್ಮ ಮಣಿಕಟ್ಟು ತುಂಬಿಕೊಡುತ್ತಿರುತ್ತದೆ.

ಬೇರಿನ ನಾಳ ಉಜ್ಜುವ ಸೂಜಿಯಂಥ ಫೈಲ್ ಮುರಿಯುವ ಭಯ ಬೇರೆಯದೇ ಜಾತಿಯದು. ಯಂತ್ರದಿಂದ ತಿರುಗುವ ರೋಟರಿ ಫೈಲ್ ಬಾಗಿದ ನಾಳದಲ್ಲಿ ಎಚ್ಚರಿಕೆ ಕೊಡದೆ ಮುರಿಯುತ್ತದೆ. 10, 15ನೇ ನಂಬರಿನ ಸಣ್ಣ ಕೈ ಫೈಲುಗಳಿಂದ ದಾರಿ ಸಲೀಸಾಗುವ ತನಕ ರೋಟರಿ ಎತ್ತಬಾರದು. ಪ್ರತಿ ಸೆಟ್ಟಿಗೂ ಎಷ್ಟು ಹಲ್ಲು ಎಂದು ಮೊದಲೇ ಗೊತ್ತುಮಾಡಿ, ಡಬ್ಬಿಯ ಮೇಲೆ ಗೀಟು ಹಾಕುತ್ತ ಹೋಗಿ, ಮುಗಿದ ಸೆಟ್ಟನ್ನು ಚೂಪು ಕಸದ ಡಬ್ಬಕ್ಕೆ ಹಾಕಿಬಿಡಬೇಕು. ‘ಇನ್ನೊಂದು ಬಾರಿ ಬರುತ್ತೆ’ ಎಂಬ ಉಳಿತಾಯ ನಿದ್ದೆಗೆಡಿಸುತ್ತದೆ. ಮುರಿಯುವ ಸಂಭವವನ್ನು ಚಿಕಿತ್ಸೆಗೆ ಮೊದಲೇ ಕನ್ನಡದ ಒಪ್ಪಿಗೆ ಪತ್ರದಲ್ಲಿ ಬರೆದು ಓದಿ ಹೇಳಿ. ಮುರಿದರೆ ಅವತ್ತೇ ಎಕ್ಸ್-ರೇ ತೋರಿಸಿ ಹೇಳಿ. ಮುಚ್ಚಿಟ್ಟದ್ದು ಬೇರೆ ಕ್ಲಿನಿಕ್ಕಿನ ಎಕ್ಸ್-ರೇಯಲ್ಲಿ ಹೊರಬಂದಾಗಲೇ ಜಗಳ ಹುಟ್ಟುವುದು. 1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ದುಡ್ಡು ಪಡೆದು ಕೊಡುವ ವೈದ್ಯಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಾಗಿನಿಂದ ಈ ಭಯ ಎಲ್ಲರ ಬೆನ್ನಿಗಿದೆ. ಅದಕ್ಕಿರುವ ಮದ್ದು ಕೆಲಸ ಮುಗಿದ ಕೂಡಲೇ ಬರೆಯುವ ನಾಲ್ಕು ಸಾಲು, ತಪ್ಪದೆ ನವೀಕರಿಸಿದ ಇಂಡೆಮ್ನಿಟಿ ಪಾಲಿಸಿ (ಪರಿಹಾರದ ದಾವೆಗೆ ರಕ್ಷಣೆ ಕೊಡುವ ವಿಮೆ).

ದುಡ್ಡಿನ ಮಾತು ಗ್ಲೌಸ್ ಹಾಕಿದ ಕೈಯಲ್ಲಿ ಆಡಬಾರದು. ‘ಸ್ವಲ್ಪ ನೋಡ್ಕೊಳ್ಳಿ ಡಾಕ್ಟ್ರೇ’ ಎಂಬ ಚೌಕಾಸಿ ಕುರ್ಚಿಯಲ್ಲೇ ಶುರುವಾದರೆ ಆ ಹಲ್ಲಿನ ಕೆಲಸ ಮುಗಿಯುವ ತನಕ ಮನಸ್ಸು ಹುಳಿಯಾಗಿಯೇ ಇರುತ್ತದೆ. ರೂಟ್ ಕೆನಾಲಿಗೆ ಇಷ್ಟು, ಕ್ಯಾಪಿಗೆ ಇಷ್ಟು ಎಂದು ಬರೆದ ಚೀಟಿ ರಿಸೆಪ್ಷನ್ನಿನಿಂದ ಹೋಗಲಿ. ನೆಂಟರಿಷ್ಟರಿಗೂ ಒಂದು ನಿಯಮ ಇಟ್ಟುಕೊಳ್ಳಿ. ನನ್ನದು: ನೋಡುವುದು, ಎಕ್ಸ್-ರೇ ಪುಕ್ಕಟೆ, ಲ್ಯಾಬಿನ ಖರ್ಚು ಅವರದು.

ರಾತ್ರಿ ಬರುವ ಪೇಷೆಂಟುಗಳ ಫೋನಿಗೆ ಅಚ್ಚು ಹಾಕಿಸಿದ ಒಂದು ಹಾಳೆ ಸಾಕಷ್ಟು ತಡೆ. ಹಲ್ಲು ಕಿತ್ತ ಮೇಲೆ ಹತ್ತಿ ಮುಕ್ಕಾಲು ಗಂಟೆ ಕಚ್ಚಿಕೊಂಡಿರುವುದು, ಅವತ್ತು ಉಗುಳದಿರುವುದು, ಮುಕ್ಕಳಿಸದಿರುವುದು, ಜೊಲ್ಲು ಒಂದು ದಿನ ನಸುಗೆಂಪಾಗಿರುವುದು ಸಹಜ ಎಂಬುದು. ಕೆಳಗೆ ದಪ್ಪ ಅಕ್ಷರದಲ್ಲಿ: ನುಂಗಲು ಕಷ್ಟ, ಬಾಯಿ ತೆರೆಯಲಾಗದು, ಕಣ್ಣು ಮುಚ್ಚುವಷ್ಟು ಊತ, ಜ್ವರ, ನಿಲ್ಲದ ರಕ್ತ ಇದ್ದರೆ ಯಾವ ಹೊತ್ತಾದರೂ ಫೋನ್ ಮಾಡಿ. ಕಷ್ಟದ ಕೇಸಿನವರಿಗೆ ಸಂಜೆ ನಾವೇ ಒಂದು ಫೋನ್ ಮಾಡಿದರೆ ಅವರೂ ಮಲಗುತ್ತಾರೆ, ನಾವೂ ಮಲಗುತ್ತೇವೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವುದೊಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11, ಬರ್ನೌಟ್ (ಕೆಲಸದ ದಣಿವಿನಿಂದ ಬತ್ತಿಹೋಗುವುದು) ಅನ್ನು ಕಾಯಿಲೆ ಎನ್ನದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಮೂರು ಲಕ್ಷಣಗಳೊಂದಿಗೆ ಹೇಳುತ್ತದೆ: ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಲಾಗದು ಎಂಬ ಭಾವ. ನಮ್ಮಲ್ಲಿ ಎರಡನೆಯದು ಮಾತಿನಲ್ಲಿ ಮೊದಲು ಕಾಣುತ್ತದೆ. ಹೆಸರು ಹೋಗಿ ‘ಆ 36 ಬಂತಾ?’ ಎಂದು ಹಲ್ಲಿನ ನಂಬರಿನಿಂದ ಮನುಷ್ಯರನ್ನು ಕರೆಯತೊಡಗುತ್ತೇವೆ. ಮೂರನೆಯದು, ಚೆನ್ನಾಗಿಯೇ ಇರುವ ಫಿಲ್ಲಿಂಗನ್ನು ಮತ್ತೆ ಮತ್ತೆ ಉಜ್ಜುವುದರಲ್ಲಿ. ಆದರೆ ರಜೆಯಲ್ಲೂ ಯಾವುದರಲ್ಲೂ ರುಚಿಯಿಲ್ಲ, ಎರಡು ವಾರದಿಂದ ನಿದ್ದೆಯಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದು ಖಿನ್ನತೆಯಿರಬಹುದು, ಮನೋವೈದ್ಯರ ಕೆಲಸ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡಬಹುದು. ಕ್ಲಿನಿಕ್ಕಿನ ಕಪಾಟಿನಿಂದ ನಿದ್ದೆ ಮಾತ್ರೆ ತಾವೇ ತೆಗೆದುಕೊಳ್ಳುವುದು ನಮ್ಮ ವೃತ್ತಿಗೆ ತೀರಾ ಹತ್ತಿರದ ಅಪಾಯ.

ರಜೆ ಹಾಕುವುದಕ್ಕೂ ತಯಾರಿ ಬೇಕು. ಹತ್ತು ದಿನ ಮೊದಲೇ ಹೊಸ ರೂಟ್ ಕೆನಾಲ್ ಶುರು ಮಾಡುವುದನ್ನು ನಿಲ್ಲಿಸಿ. ತಾತ್ಕಾಲಿಕ ಫಿಲ್ಲಿಂಗ್ ಹಾಕಿಸಿಕೊಂಡವರು ನೀವು ಹೋದ ಮರುದಿನವೇ ಊದಿದ ಕೆನ್ನೆಯಲ್ಲಿ ಬರುತ್ತಾರೆ. ಲ್ಯಾಬಿಗೆ ಹೋದ ಕ್ಯಾಪುಗಳನ್ನು ಮುಂಚೆಯೇ ಕೂರಿಸಿ ಮುಗಿಸಿ. ಊರಿನ ಇನ್ನೊಬ್ಬ ದಂತವೈದ್ಯರೊಂದಿಗೆ ಅವರ ರಜೆಗೆ ನಾವು, ನಮ್ಮ ರಜೆಗೆ ಅವರು ಎಂದು ಮಾತಾಡಿಕೊಂಡು ಅವರ ನಂಬರನ್ನು ಬಾಗಿಲಿಗೆ ಅಂಟಿಸಿ. ವಾಪಸ್ ಬಂದ ಮೊದಲೆರಡು ದಿನ ಅರ್ಧದಷ್ಟೇ ಅಪಾಯಿಂಟ್‌ಮೆಂಟ್ ಇರಲಿ. ಮೊದಲ ದಿನ ಪೇಷೆಂಟ್ ಬರುವ ಮುಂಚೆ ಕಂಪ್ರೆಸರಿನ ನೀರು ಬಸಿದು, ಯೂನಿಟ್ಟಿನ ಪೈಪುಗಳಲ್ಲಿ ನಿಂತ ನೀರನ್ನು ಕೆಲವು ನಿಮಿಷ ಹರಿಯಬಿಡಿ.