ಬೈಸನ್ ಸಾಕಣೆ: ಬೇಲಿ ಗಟ್ಟಿ ಇರಬೇಕು, ಕೈ ಸುಮ್ನಿರಬೇಕು

ಬೈಸನ್ ಸಾಕುತ್ತೇವೆ ಅಂದರೆ ಊರಿನವರು ಕೇಳೋದು ಒಂದೇ ಪ್ರಶ್ನೆ: "ಬಂಡೀಪುರದಲ್ಲಿ ಕಾಣುವ ಕಾಟಿನಾ?" ಅಲ್ಲ. ಇದು ಉತ್ತರ ಅಮೆರಿಕದ ಹುಲ್ಲುಗಾವಲಿನ ಪ್ರಾಣಿ. ತಲೆ, ಭುಜ ಎಲ್ಲ ದಪ್ಪ ಉಣ್ಣೆ, ಹಿಂಭಾಗ ಮಾತ್ರ ಸಣಕಲು. ದೊಡ್ಡ ಗಂಡು 900 ಕೆಜಿ ತೂಗುತ್ತದೆ. ಅಷ್ಟು ತೂಕ ಹೊತ್ತುಕೊಂಡೇ ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡುತ್ತದೆ.

ನಾನು ಹಾಸನದ ಕಡೆಯವಳು. ಮದುವೆಯಾಗಿ ಬಂದಿದ್ದು ಅಮೆರಿಕದ ಸೌತ್ ಡಕೋಟಾ ರಾಜ್ಯದ ಪಶ್ಚಿಮ ಭಾಗದ, ದನ ಸಾಕುವ ಒಂದು ದೊಡ್ಡ ಜಮೀನಿಗೆ, ಅಂದರೆ ರ‍್ಯಾಂಚ್‌ಗೆ. ಅತ್ತೆ, ಮಾವ, ಗಂಡ, ಮೈದುನ, ನಾನು, ಇಷ್ಟೇ ಜನ. ಸಂಬಳದ ಆಳು ಇಲ್ಲ. ಮೊದಲು ಇಲ್ಲಿ ಆಂಗಸ್ ತಳಿಯ ಮಾಂಸದ ದನ ಇದ್ದವು. ಫೆಬ್ರವರಿ, ಮಾರ್ಚ್ ಚಳಿಯಲ್ಲಿ ರಾತ್ರಿಯೆಲ್ಲ ಎದ್ದು ಕರು ಹಾಕಿಸೋದು ಮಾವನಿಗೆ ಸಾಕಾಗಿತ್ತು. ಬೈಸನ್ ತಂದಿದ್ದು ಅದಕ್ಕೇ.

ನಮ್ಮ ಮೊದಲ ಹೆಣ್ಣು ಬೈಸನ್‌ಗಳು ಇದೇ ರಾಜ್ಯದ ಕಸ್ಟರ್ ಸ್ಟೇಟ್ ಪಾರ್ಕ್ ಹರಾಜಿನಲ್ಲಿ ಕೊಂಡವು. ಆ ಪಾರ್ಕಿನ ಮಂದೆಗೂ ಒಂದು ಕಥೆಯಿದೆ. ಹಿಂದೆ ಕೋಟಿಗಟ್ಟಲೆ ಇದ್ದ ಬೈಸನ್ 1880ರ ದಶಕದ ಕೊನೆಗೆ ಸಾವಿರದ ಆಸುಪಾಸಿಗೆ ಇಳಿದಿದ್ದವು. ಉಳಿದವುಗಳಲ್ಲಿ ಬಹಳಷ್ಟು ಉಳಿದಿದ್ದು ಕೆಲವು ರ‍್ಯಾಂಚ್‌ನವರು ಸಾಕಿದ್ದರಿಂದ. ಇದೇ ರಾಜ್ಯದ ಫೋರ್ಟ್ ಪಿಯರ್ ಹತ್ತಿರದ ಸ್ಕಾಟಿ ಫಿಲಿಪ್ ಅಂಥವರಲ್ಲಿ ಒಬ್ಬರು. 1914ರಲ್ಲಿ ಅವರ ಮಂದೆಯಿಂದ 36 ಬೈಸನ್ ಪಾರ್ಕಿಗೆ ಬಂದವು. ತಿನ್ನೋಕೆ ಸಾಕುತ್ತೀರಲ್ಲ ಅಂತ ಯಾರಾದರೂ ಮೂಗು ಮುರಿದರೆ ನಾನು ಇದನ್ನೇ ಹೇಳುತ್ತೇನೆ.

ಕರು ಹಾಕೋಕೆ ಇವುಗಳಿಗೆ ನಮ್ಮ ಸಹಾಯ ಬೇಡ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಹುಲ್ಲು ಚಿಗುರುವ ಹೊತ್ತಿಗೆ ತಾವೇ ಹಾಕುತ್ತವೆ. ಕರುಗಳು ಕೆಂಪು ಬಣ್ಣದವು. ನಾವು ದೂರದಿಂದ ಬೈನಾಕ್ಯುಲರ್ ಹಿಡಿದು ಎಣಿಸುತ್ತೇವೆ, ಅಷ್ಟೇ. ಚಳಿಗಾಲದಲ್ಲೂ ಕೊಟ್ಟಿಗೆ ಬೇಡ. ಬಿರುಗಾಳಿ ಬಂದರೆ ದನ ಬೆನ್ನು ಹಾಕುತ್ತವೆ, ಇವು ಮುಖ ಕೊಟ್ಟು ನಿಲ್ಲುತ್ತವೆ. ತಲೆಯನ್ನು ಅತ್ತಿತ್ತ ಬೀಸಿ ಹಿಮ ಸರಿಸಿ ಅಡಿಯ ಹುಲ್ಲು ಮೇಯುತ್ತವೆ. ಬೆನ್ನ ಮೇಲೆ ಬಿದ್ದ ಹಿಮ ಕರಗುವುದೇ ಇಲ್ಲ, ಮೈಯ ಶಾಖ ಅಷ್ಟು ಚೆನ್ನಾಗಿ ಒಳಗೇ ಉಳಿಯುತ್ತದೆ. ನನಗೋ ಮೂರು ಜಾಕೆಟ್ ಹಾಕಿದರೂ ಮೂಗು ಸೆಟೆದುಕೊಳ್ಳುತ್ತದೆ.

ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಬೇಲಿಗೆ. ದನದ ನಾಲ್ಕೆಳೆ ಮುಳ್ಳುತಂತಿ ಇವಕ್ಕೆ ಲೆಕ್ಕಕ್ಕೇ ಇಲ್ಲ. ಮನಸ್ಸು ಮಾಡಿದರೆ ಆರು ಅಡಿ ಹಾರುತ್ತವೆ. ಸುತ್ತಲೂ ಎತ್ತರದ ಜಾಲರಿ ತಂತಿ, ಒಳಗೆ ಕರೆಂಟ್ ತಂತಿ, ಮೂಲೆಗಳಲ್ಲಿ ದಪ್ಪ ಕಂಬ ಹಾಕಿದ್ದೇವೆ. ಆದರೂ ನನ್ನನ್ನು ಕೇಳಿದರೆ, ಅವನ್ನು ಒಳಗೆ ಇಡೋದು ತಂತಿಯಲ್ಲ. ಹುಲ್ಲು, ನೀರು, ಜೊತೆಗೆ ತನ್ನವರು, ಮೂರೂ ಇದ್ದರೆ ಬೈಸನ್ ಬೇಲಿ ಕಡೆ ನೋಡುವುದೇ ಇಲ್ಲ. ಒಂದು ಕಡಿಮೆಯಾದರೂ ಯಾವ ಬೇಲಿಯೂ ಸಾಲದು.

ವರ್ಷಕ್ಕೊಮ್ಮೆ, ಚಳಿ ಹಿಡಿಯುವ ಮುಂಚೆ, ಎಲ್ಲವನ್ನೂ ದೊಡ್ಡಿಗೆ ತರಲೇಬೇಕು. ಲಸಿಕೆ, ಕಿವಿಗೆ ಟ್ಯಾಗ್, ಗಬ್ಬ ಇದೆಯಾ ಅಂತ ನೋಡೋದು. ಅಟ್ಟಿಕೊಂಡು ಹೋಗುವ ಮಾತೇ ಇಲ್ಲ. ಪಿಕಪ್‌ನಲ್ಲಿ ಹಿಂಡಿ ಉಂಡೆ ಚೆಲ್ಲುತ್ತಾ ಮುಂದೆ ಹೋದರೆ ಹಿಂದೆ ಬರುತ್ತವೆ. ದೊಡ್ಡಿಯ ಗೋಡೆಗೆ ಹಲಗೆ ಹೊಡೆದು ಕಿಂಡಿ ಮುಚ್ಚಿದ್ದೇವೆ, ಯಾಕೆಂದರೆ ಬೆಳಕು ಕಂಡ ಕಡೆ ನುಗ್ಗುತ್ತವೆ. ಆ ದಿನ ನಾಯಿ ಮನೆಯೊಳಗೆ. ಕೂಗಾಟ ಇಲ್ಲ. ಮಾವನ ಮಾತೂ ಪಿಸುಮಾತೇ.

ನನ್ನ ಕೆಲಸ ದೊಡ್ಡಿಯೊಳಗಿನ ಇಕ್ಕಟ್ಟು ಓಣಿಯ ಗೇಟು. ಅಲ್ಲಿಂದ ನನಗೆ ಕಾಣೋದು ಬಾಲ. ಬಾಲ ಕೆಳಗಿದ್ದು ನೊಣ ಹೊಡೆಯುತ್ತಿದ್ದರೆ ಸರಿ. ಬುಡದಲ್ಲಿ ಸೆಟೆದು ಮೇಲೆದ್ದರೆ ಎರಡರಲ್ಲಿ ಒಂದು: ಸಗಣಿ ಹಾಕುತ್ತದೆ, ಇಲ್ಲ ಗುದ್ದುತ್ತದೆ. ಯಾವುದು ಅಂತ ಕಾದು ನೋಡೋಕೆ ನಾನು ನಿಲ್ಲುವುದಿಲ್ಲ. ಒಂದನ್ನೇ ಒಂಟಿಯಾಗಿ ಬಿಟ್ಟರೆ ಗಾಬರಿ ಬಿದ್ದು ಕಬ್ಬಿಣಕ್ಕೆ ಕೊಂಬು ಬಡಿಯುತ್ತದೆ. ಹಿಂದೆ ಇನ್ನೆರಡು ಬರುವವರೆಗೆ ತಾಳಬೇಕು. ನಾಲಿಗೆ ಹೊರಬಿಟ್ಟು ಏದುಸಿರು ಬಿಟ್ಟರೆ ಚುಚ್ಚುಮದ್ದು ಆಗದಿದ್ದರೂ ಪರವಾಗಿಲ್ಲ ಅಂತ ಬಿಟ್ಟುಬಿಡುತ್ತೇವೆ. ಗಾಬರಿಯಿಂದಲೇ ಸಾಯುವ ಪ್ರಾಣಿ ಇದು.

ಪಕ್ಕದಲ್ಲಿ ಕುರಿ ಸಾಕುವವರಿದ್ದರೆ ಬೈಸನ್ ತರಬೇಡಿ. ಕುರಿಗೆ ಏನೂ ಆಗದ ಒಂದು ವೈರಸ್ ಇವಕ್ಕೆ ತಗುಲಿದರೆ ಮುಗಿಯಿತು. ಲಸಿಕೆ ಇಲ್ಲ, ಔಷಧವೂ ಇಲ್ಲ. ಇಲ್ಲಿ ಕುರಿಗೆ ಲಾಭ ಇದೆ ಅಂತ ನಾನೇ ಆಸೆಪಟ್ಟಿದ್ದೆ, ಮಾವ ಒಂದೇ ಮಾತಿಗೆ ಬೇಡ ಅಂದರು.

ಮಾಂಸಕ್ಕೆ ಹೋಗೋದು ಎರಡರಿಂದ ಎರಡೂವರೆ ವರ್ಷಕ್ಕೆ. ಆಂಗಸ್‌ಗಿಂತ ತಡ. ಬೆಳವಣಿಗೆಯ ಹಾರ್ಮೋನ್ ಕೊಡುವ ಹಾಗಿಲ್ಲ, ಕಾನೂನೇ ಬಿಡುವುದಿಲ್ಲ. ಇನ್ನೊಂದು ತಾಪತ್ರಯ ಇದೆ. ದನದ ಮಾಂಸದ ತಪಾಸಣೆ ಸರ್ಕಾರದ್ದೇ ಖರ್ಚು. ಬೈಸನ್ ಆ ಕಾನೂನಿನ ಪಟ್ಟಿಯಲ್ಲಿಲ್ಲ, ಹಾಗಾಗಿ ಇನ್‌ಸ್ಪೆಕ್ಟರ್‌ಗೆ ಗಂಟೆ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ತಪಾಸಣೆಯ ಮುದ್ರೆ ಇಲ್ಲದಿದ್ದರೆ ನಮ್ಮಿಂದ ಕೊಳ್ಳುವ ಹೋಟೆಲಿನವರು ಮಾಂಸ ಮುಟ್ಟುವುದಿಲ್ಲ. ಗಂಟೆಗೆ ದುಡ್ಡು ಅಂದಮೇಲೆ ಆ ದಿನದ ಕೆಲಸ ತಡವಾಗಬಾರದು, ಅಲ್ವಾ?

ನಾವು ಆದಷ್ಟು ಹುಲ್ಲುಗಾವಲಿನಲ್ಲೇ, ಇನ್‌ಸ್ಪೆಕ್ಟರ್ ಎದುರಿಗೆ, ಗುಂಡಿನಿಂದ ಕೊಲ್ಲಿಸುತ್ತೇವೆ. ಕಾರಣ ಕರುಣೆ ಒಂದೇ ಅಲ್ಲ. ಟ್ರೇಲರ್‌ನಲ್ಲಿ ಗಂಟೆಗಟ್ಟಲೆ ಹೆದರಿದ ಪ್ರಾಣಿಯ ಸ್ನಾಯುವಿನ ಸಕ್ಕರೆ ಅಂಶ ಮುಗಿದಿರುತ್ತದೆ. ಮಾಂಸದಲ್ಲಿ ಹುಳಿ ಸರಿಯಾಗಿ ಹುಟ್ಟುವುದಿಲ್ಲ. ಕಪ್ಪಾಗಿ ಅಂಟಂಟಾಗುತ್ತದೆ, ಬೇಗ ಕೆಡುತ್ತದೆ. ಸದ್ದಿಗೆ ಮಂದೆ ಒಮ್ಮೆ ತಲೆ ಎತ್ತುತ್ತದೆ, ಆಮೇಲೆ ಮೇಯುತ್ತದೆ. ಮೊದಲ ವರ್ಷ ನಾನು ಆ ಕಡೆ ಹೋಗುತ್ತಿರಲಿಲ್ಲ. ಈಗ ತೂಕ ಬರೆದುಕೊಳ್ಳುವವಳು ನಾನೇ.

ವ್ಯಾಪಾರದಲ್ಲಿ ಸ್ಟೇಕ್ ಬೇಗ ಖಾಲಿ, ಖೀಮಾ ಉಳಿಯುತ್ತದೆ. ಅದನ್ನು ದಾಟಿಸುವುದೇ ನಿಜವಾದ ಕಷ್ಟ. ಡೆನ್ವರ್, ಮಿನಿಯಾಪೊಲಿಸ್ ಕಡೆಯ ಕನ್ನಡದವರು ಕೆಲವರು ಫ್ರೀಜರ್ ತುಂಬಾ ಒಯ್ಯುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟು: ಇದರಲ್ಲಿ ಕೊಬ್ಬು ತುಂಬಾ ಕಡಿಮೆ, ಉರಿ ಜಾಸ್ತಿಯಾದರೆ ಒಣಗಿ ಹೋಗುತ್ತದೆ. ಕೈಮಾ ಉಂಡೆ ಮಾಡುವುದಾದರೆ ಹುರಿಗಡಲೆ ಪುಡಿ ಸ್ವಲ್ಪ ಜಾಸ್ತಿ ಹಾಕಿ, ತೆಂಗಿನಕಾಯಿ ಧಾರಾಳವಾಗಿರಲಿ, ಉಂಡೆಗಳನ್ನು ಕುದಿಯುವ ಸಾರಿಗೆ ಒಂದೊಂದಾಗಿ ಬಿಟ್ಟ ಮೇಲೆ ಉರಿ ಸಣ್ಣ ಮಾಡಿ. ಸೌಟು ಹಾಕಿ ತಿರುವಬೇಡಿ, ಒಡೆದುಹೋಗುತ್ತವೆ.